ಬಿಟ್ ಇಳಿದಿತ್ತು, ಅಳತೆ ಇನ್ನೂ ತಲುಪಿರಲಿಲ್ಲ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವ ಯಂತ್ರದ ಮೋಟಾರಿಗೆ ಕಂಪನ ಅಳೆಯುವ ಸೆನ್ಸರ್ ಕೂರಿಸಿದ್ದೆ. ಬೇರಿಂಗ್ ಸವೆದದ್ದು ಮೊದಲೇ ತಿಳಿದರೆ ಕೊಯ್ಲಿನ ನಡುವೆ ಯಂತ್ರ ನಿಲ್ಲುವುದಿಲ್ಲ. ನಾಲ್ಕು ಕೋರುಗಳ (ಒಟ್ಟಿಗೇ ಬೇರೆ ಬೇರೆ ಕೆಲಸ ಮಾಡಬಲ್ಲ ಘಟಕಗಳ) ಆರ್ಮ್ ಪ್ರೊಸೆಸರಿನ ಬೋರ್ಡ್, ಅದರಲ್ಲಿ ಲಿನಕ್ಸ್. ಸೆನ್ಸರನ್ನು ಲಿನಕ್ಸಿಗೆ ಜೋಡಿಸುವ ಡ್ರೈವರ್ ನಾನೇ ಬರೆದದ್ದು. ಸೆಕೆಂಡಿಗೆ 1,000 ಸಲ ಮೂರು ಅಕ್ಷಗಳ ಅಳತೆ ಬರುತ್ತಿತ್ತು.

ಎರಡನೆಯ ದಿನ ನಕ್ಷೆಯಲ್ಲಿ ಅಲ್ಲೊಂದು ಇಲ್ಲೊಂದು ಮುಳ್ಳು ಎದ್ದಿತ್ತು. ಅಪ್ಪಯ್ಯ ಪಕ್ಕದಲ್ಲೇ ಯಂತ್ರಕ್ಕೆ ಅಡಿಕೆ ಸುರಿಯುತ್ತಿದ್ದರು. "ಯಂತ್ರ ಕುಲುಕಲಿಲ್ಲ ತಮ್ಮಾ, ಶಬ್ದ ಒಂದೇ ಸಮ ಇದೆ" ಎಂದರು. ಅವರ ಕಿವಿಯನ್ನು ನಾನು ನಂಬುತ್ತೇನೆ. ತಪ್ಪು ಕೋಡಿನಲ್ಲೇ ಇರಬೇಕು.

ತಪ್ಪು ಹುಡುಕಲೆಂದು ಕರ್ನಲ್‌ನಿಂದ ಸಂದೇಶ ಬರೆಸುವ ಪ್ರಿಂಟ್‌ಕೆ ಸೇರಿಸಿದರೆ ಮುಳ್ಳು ಮಾಯ. ಇದೇ ತರ್ಕವನ್ನು ಲ್ಯಾಪ್‌ಟಾಪಿನಲ್ಲಿ ರಾತ್ರಿಯಿಡೀ ಓಡಿಸಿದರೂ ಒಂದು ತಪ್ಪೂ ಇಲ್ಲ. ಕೊನೆಗೆ ಪ್ರತಿ ದಾಖಲೆಯ ತಲೆಗೂ ಬಾಲಕ್ಕೂ ಒಂದೇ ಕ್ರಮಸಂಖ್ಯೆ ಬರೆದು, ಇಂಟರಪ್ಟನ್ನು (ಹೊಸ ಅಳತೆ ಬಂತೆಂದು ಸೆನ್ಸರ್ ಕೊಡುವ ಕರೆ) ಒಂದು ಕೋರಿಗೆ, ಓದುವ ಪ್ರೋಗ್ರಾಮನ್ನು ಇನ್ನೊಂದಕ್ಕೆ ಕಟ್ಟಿಹಾಕಿದೆ. ಆಗ ಕಳ್ಳ ಸಿಕ್ಕಿದ: ತಲೆ ಹೊಸದು, ಬಾಲ ಹಳೆಯದು.

ದಾಖಲೆಗೆ ಕಾವಲಾಗಿ ನಾನು ಒಂದು ಬಿಟ್ ಇಟ್ಟಿದ್ದೆ. ಅದನ್ನು ಏರಿಸಿದವರು ಮಾತ್ರ ದಾಖಲೆ ಮುಟ್ಟಬೇಕು, ಮುಗಿದ ಮೇಲೆ ಕ್ಲಿಯರ್_ಬಿಟ್ ಕರೆದು ಇಳಿಸಬೇಕು. ಕ್ಲಿಯರ್_ಬಿಟ್ ಅಟಾಮಿಕ್, ಅಂದರೆ ನಡುವೆ ಯಾರೂ ತೂರಲಾಗದ ಒಂದೇ ಏಟಿನ ಕೆಲಸ, ಆದದ್ದರಿಂದ ಇಷ್ಟು ಸಾಕೆಂದುಕೊಂಡಿದ್ದೆ. ಆದರೆ ಅಟಾಮಿಕ್ ಎಂದರೆ ಅದೇ ಮೆಮೊರಿ ಪದದ (ಒಟ್ಟಿಗೆ ಓದಿ ಬರೆಯುವ ಬಿಟ್‌ಗಳ ಗುಂಪಿನ) ಇತರ ಬಿಟ್‌ಗಳು ಕಳೆದುಹೋಗುವುದಿಲ್ಲ ಎಂದಷ್ಟೇ ಅರ್ಥ. ಅದಕ್ಕೂ ಮೊದಲಿನ ಬರಹಗಳು ಮೊದಲೇ ಕಾಣಿಸುತ್ತವೆ ಎಂಬ ಭರವಸೆ ಅದರಲ್ಲಿಲ್ಲ. ಹಾಗಾಗಿ ಆರ್ಮ್‌ನಲ್ಲಿ ಬಿಟ್ ಇಳಿದದ್ದು ಇನ್ನೊಂದು ಕೋರಿಗೆ ಮೊದಲು ಕಂಡು, ಅಳತೆ ಆಮೇಲೆ ಕಾಣಬಹುದು; ಚೀಲಕ್ಕೆ ಅಡಿಕೆ ತುಂಬುವ ಮೊದಲೇ ತೂಕದ ಚೀಟಿ ಅಂಟಿಸಿದ ಹಾಗೆ. ಲ್ಯಾಪ್‌ಟಾಪಿನ ಎಕ್ಸ್86 ಪ್ರೊಸೆಸರಿನಲ್ಲಿ ಕ್ಲಿಯರ್_ಬಿಟ್ ಬಳಸುವ, ಲಾಕ್ ಪೂರ್ವಪ್ರತ್ಯಯದ ಆದೇಶವೇ ಪೂರ್ಣ ತಡೆಯೂ (ತನಗಿಂತ ಮೊದಲಿನ ಓದು-ಬರಹ ನಂತರದವಕ್ಕಿಂತ ಮೊದಲೇ ಕಾಣುವಂತೆ ಮಾಡುವ ಗೆರೆ) ಆಗಿರುವುದರಿಂದ ನನ್ನ ತಪ್ಪು ಅಲ್ಲಿ ಅಡಗಿಕೊಂಡಿತ್ತು.

ಮೊದಲು ಕ್ಲಿಯರ್_ಬಿಟ್‌ಗೆ ಮುಂಚೆ ಎಸ್‌ಎಂಪಿ_ಎಂಬಿ__ಬಿಫೋರ್_ಅಟಾಮಿಕ್ ಎಂಬ ತಡೆ ಹಾಕಿದೆ. ಮುಳ್ಳು ನಿಂತಿತು. ಆದರೂ ಅದನ್ನು ತೆಗೆದು ಕ್ಲಿಯರ್_ಬಿಟ್_ಅನ್‌ಲಾಕ್ ಬಳಸಿದೆ. ಬೀಗ ತೆಗೆಯಲು ಬೇಕಾದಷ್ಟೇ ತಡೆ ಅದರಲ್ಲಿದೆ, ಓದುವವರಿಗೂ ಉದ್ದೇಶ ಹೆಸರಿನಲ್ಲೇ ತಿಳಿಯುತ್ತದೆ. ಏರಿಸುವಲ್ಲಿ, ಬಿಟ್ ಖಾಲಿಯಿದೆಯೇ ನೋಡಿ ಒಂದೇ ಏಟಿಗೆ ಹಿಡಿಯುವ ಟೆಸ್ಟ್_ಆ್ಯಂಡ್_ಸೆಟ್_ಬಿಟ್_ಲಾಕ್. ಇಂಟರಪ್ಟ್ ಹ್ಯಾಂಡ್ಲರಿಗೆ ಬಿಟ್ ಸಿಗದಿದ್ದರೆ ಆ ಒಂದು ಅಳತೆಯನ್ನು ಬಿಟ್ಟುಬಿಡುತ್ತೇನೆ. ಅಲ್ಲಿ ಕಾಯುವಂತಿಲ್ಲ: ಬಿಟ್ ಹಿಡಿದ ಓದುಗ ಅದೇ ಕೋರಿನಲ್ಲಿದ್ದರೆ ಇಬ್ಬರೂ ಶಾಶ್ವತವಾಗಿ ಸಿಕ್ಕಿಬೀಳುತ್ತಾರೆ.

ಆಮೇಲೆ ಹಳೆಯ ಕೋಡನ್ನೆಲ್ಲ ಜಾಲಾಡಿದೆ. ಒಂದು ಕಡೆ ಕ್ಲಿಯರ್_ಬಿಟ್ ಆದೊಡನೆ ಆ ಬಿಟ್‌ಗಾಗಿ ಮಲಗಿ ಕಾಯುವವರನ್ನು ಎಬ್ಬಿಸುವ ವೇಕ್_ಅಪ್_ಬಿಟ್ ಕರೆದಿದ್ದೆ, ನಡುವೆ ತಡೆಯಿಲ್ಲ. ಬಿಟ್ ಇಳಿದದ್ದು ಕಾಣುವ ಮೊದಲೇ 'ಕಾಯುವವರು ಯಾರೂ ಇಲ್ಲ' ಎಂದು ತೀರ್ಮಾನವಾದರೆ, ಆಗಷ್ಟೇ ಸರದಿಗೆ ಸೇರಿದವನನ್ನು ಎಬ್ಬಿಸುವವರೇ ಇರುವುದಿಲ್ಲ. ಆ ನಡುವೆ ಎಸ್‌ಎಂಪಿ_ಎಂಬಿ__ಆಫ್ಟರ್_ಅಟಾಮಿಕ್ ಸೇರಿಸಿ, ಏಕೆ ಎಂದು ಮೇಲೊಂದು ಟಿಪ್ಪಣಿ ಬರೆದಿಟ್ಟೆ.