ಬಸ್ ಭಯ ಹೋಗಬೇಕಾ? ಕೊನೇ ಸ್ಟಾಪಿಗೆ ಹೋಗಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಬೆಂಗಳೂರಿನ ಸಿಟಿ ಬಸ್ಸು (ಬಿಎಂಟಿಸಿ), ಮೆಟ್ರೋ ಹತ್ತುವುದು ಹೇಗೆ ಅಂತ ಇಲ್ಲಿ ಕಲಿಸುತ್ತಿಲ್ಲ. ಆ್ಯಪ್, ಪಾಸು, ಮೆಟ್ರೋ ಕಾರ್ಡು ಎಲ್ಲಾ ನಿಮಗೆ ಗೊತ್ತು. ಎಲ್ಲಾ ಗೊತ್ತಿದ್ದೂ ಸ್ಟಾಪಿನವರೆಗೆ ಹೋಗಿ, ಬಸ್ ಬಂದಾಗ ಸುಮ್ನೆ ಫೋನ್ ಒತ್ತುತ್ತಾ ನಿಂತು, ಅದು ಹೋದಮೇಲೆ ಆಟೋ ಬುಕ್ ಮಾಡುವ ನನ್ನಂಥ ಜನ ಇದ್ದಾರಲ್ಲ, ಇದು ಅವರಿಗೆ.

ನಾನು ಬನಶಂಕರಿಯವನು. ಶಾಲೆಗೆ ವ್ಯಾನು, ಕಾಲೇಜಿಗೆ ಸ್ಕೂಟರ್, ಕೆಲಸ ಸಿಕ್ಕಮೇಲೆ ಕಾರು. ನಲವತ್ತರ ಹತ್ತಿರ ಬರುವವರೆಗೂ ಒಬ್ಬನೇ ಬಸ್ ಹತ್ತಿದವನಲ್ಲ. ಆಮೇಲೆ ಮಂಡಿ ಕೈಕೊಟ್ಟಿತು. ಕ್ಲಚ್ ತುಳಿಯಬೇಡಿ ಅಂದರು ಡಾಕ್ಟರು. ಆಫೀಸು ಇರುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಕ್ಯಾಬು, ಆಟೋ ಸೇರಿ ತಿಂಗಳಿಗೆ 14-15 ಸಾವಿರ ಹೋಗುತ್ತಿತ್ತು, ಮಳೆ ಬಂದ ತಿಂಗಳು ಇನ್ನೂ ಜಾಸ್ತಿ. ಮನೆಯಿಂದ ಬಸ್ ಸ್ಟ್ಯಾಂಡಿಗೆ ನಡೆದರೆ ಹತ್ತು ನಿಮಿಷ ಅಷ್ಟೇ. ಹೆಂಡತಿಯಂತೂ 2023ರಲ್ಲಿ ಹೆಂಗಸರಿಗೆ ಬಸ್ ಫ್ರೀ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಶೂನ್ಯ ಟಿಕೆಟ್ ಹಿಡಿದು ಊರೆಲ್ಲಾ ಸುತ್ತುತ್ತಾಳೆ. "ರೀ, ನಿಮ್ಮ ಒಂದು ದಿನದ ಕ್ಯಾಬ್ ದುಡ್ಡಲ್ಲಿ ನಮ್ಮನೆ ಒಂದು ವಾರದ ತರಕಾರಿ ಬರುತ್ತೆ" ಅಂತ ಲೆಕ್ಕ ಬೇರೆ ಒಪ್ಪಿಸುತ್ತಿದ್ದಳು.

ಭಯ ರಶ್ಶಿನದ್ದು ಅಂತ ಎಲ್ಲರೂ ಅಂದುಕೊಂಡಿದ್ದರು. ಅಲ್ಲ. ಕಂಡಕ್ಟರ್ ಬಂದು "ಎಲ್ಲಿಗ್ ಸಾರ್?" ಅಂತಾರಲ್ಲ, ಅಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಸ್ಟಾಪಿನ ಹೆಸರು ತಪ್ಪು ಹೇಳಿದರೆ? ಸ್ಟಾಪ್ ದಾಟಿ ಹೋದರೆ? ಅಷ್ಟು ಜನರನ್ನು ತಳ್ಳಿಕೊಂಡು ಬಾಗಿಲ ತನಕ ಬರುವಷ್ಟರಲ್ಲಿ ರೈಟ್ ಅಂದುಬಿಟ್ಟರೆ? ಇದರ ಮೇಲೆ, ಗಾಬರಿಯಾದ ತಕ್ಷಣ ಬಾತ್‌ರೂಮಿಗೆ ಹೋಗಬೇಕು ಅನ್ನಿಸುವುದು. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಅರ್ಧ ಭಯ ಇದೇ.

ಫೇಲಾದ ಉಪಾಯಗಳ ಪಟ್ಟಿ ದೊಡ್ಡದು. ಮೊದಲು ಬಾಮೈದನ ಜೊತೆ ಹೋದೆ. ಟಿಕೆಟ್ ಅವನೇ ತೆಗೆದ, ಇಳಿಯುವ ಜಾಗ ಅವನೇ ನೋಡಿದ, ನಾನು ಅವನ ಲಗೇಜಿನ ಹಾಗೆ ಹೋಗಿ ಬಂದೆ. ಮಾರನೇ ದಿನ ಒಬ್ಬನೇ ಹೋದರೆ ಅದೇ ಬೆವರು. ಆಮೇಲೆ ಹೊರಗಿನ ಸದ್ದು ಕೇಳದ ಹೆಡ್‌ಫೋನ್, ಹತ್ತಿರ ಹತ್ತಿರ 7,000. ಪ್ರಯೋಜನ ಏನು ಅಂದರೆ ಕಂಡಕ್ಟರ್ ಕೂಗಿದ್ದೂ ಕೇಳಲಿಲ್ಲ, ಅವರು ಭುಜ ತಟ್ಟಿದಾಗ ಎದೆ ಇನ್ನೂ ಜೋರಾಗಿ ಹೊಡೆದುಕೊಂಡಿತು. ಈಗ ಅದನ್ನು ಮಗ ಹಾಕಿಕೊಂಡು ಓಡಾಡುತ್ತಾನೆ. ಬಸ್ಸು ಎಲ್ಲಿದೆ ಅಂತ ತೋರಿಸುವ ಆ್ಯಪ್ ಒಂದನ್ನು ನಂಬಿದೆ. ಅದರಲ್ಲಿ ಬಂದು ಹೋದ ಬಸ್ಸು ರಸ್ತೆಗೆ ಬರಲೇ ಇಲ್ಲ.

ಕೌನ್ಸೆಲರ್ ಹತ್ತಿರ ಹೋಗಿದ್ದೂ ಉಂಟು. ಒಂದು ಸಲಕ್ಕೆ 1,200 ರೂಪಾಯಿ ಚಿಲ್ಲರೆ. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಿ ಅಂದರು. ಮೊದಲ ವಾರ ಸ್ಟಾಪಿನಲ್ಲಿ ನಿಲ್ಲಿ, ಎರಡನೇ ವಾರ ಒಂದು ಸ್ಟಾಪು ಹೋಗಿ, ಮೂರನೇ ವಾರ ಎರಡು. ತತ್ವ ಸರಿಯಾಗಿಯೇ ಇದೆ. ಆದರೆ ಒಂದೇ ಸ್ಟಾಪು ಹೋಗುವುದು ನಮ್ಮಂಥವರಿಗೆ ಕಷ್ಟದ ಕೆಲಸ. ಹತ್ತಿದ ಗಳಿಗೆಯಿಂದ ಇಳಿಯುವ ಚಿಂತೆ ಶುರುವಾಗುತ್ತೆ. ಮೆಟ್ಟಿಲು ಇಳಿಯಬೇಕಾದ ಕಡೆ ಹತ್ತಿಸುತ್ತಿದ್ದಾರೆ ಅನ್ನಿಸಿತು.

ಆಗ ಆಫೀಸಿನ ಗೆಳೆಯರೊಬ್ಬರು "ನೀರಿಗೆ ದೂಡಿದರೆ ಈಜು ತಾನೇ ಬರುತ್ತೆ" ಅಂದರು. ಸರಿ ಅಂತ ಸಿಲ್ಕ್ ಬೋರ್ಡ್‌ನಲ್ಲಿ, ಸಂಜೆ ಆರೂವರೆಗೆ, ಹೆಬ್ಬಾಳಕ್ಕೆ ಹೋಗುವ 500ಡಿ ನಂಬರ್ ಬಸ್ ಹತ್ತಿದೆ. ಆ ಹೊತ್ತಿನ ರಶ್ಶು ಗೊತ್ತಿದ್ದವರಿಗೆ ಇಷ್ಟೇ ಸಾಕು. ಅಗರದಲ್ಲಿ ಇಳಿದು 300 ಕೊಟ್ಟು ಆಟೋದಲ್ಲಿ ಮನೆಗೆ ಬಂದೆ.

ಕೊನೆಗೆ ಕೆಲಸ ಮಾಡಿದ್ದು ಉಲ್ಟಾ ದಾರಿ. ಬಸ್ ಹೊರಡುವ ಜಾಗದಲ್ಲೇ ಹತ್ತುವುದು, ಅದು ನಿಲ್ಲುವ ಕೊನೇ ಸ್ಟಾಪಿನಲ್ಲಿ ಇಳಿಯುವುದು. ಭಾನುವಾರ ಬೆಳಗ್ಗೆ ಏಳು ಗಂಟೆ ಹೊತ್ತಿಗೆ ಬನಶಂಕರಿ ಬಸ್ ಸ್ಟ್ಯಾಂಡಿಗೆ ಹೋದೆ. ಮೆಜೆಸ್ಟಿಕ್ ಬಸ್ಸು ಖಾಲಿ ನಿಂತಿತ್ತು. ಅವಸರವಿಲ್ಲದೆ ಹತ್ತಿ ಹಿಂದಿನ ಬಾಗಿಲ ಹತ್ತಿರದ ಸೀಟಲ್ಲಿ ಕೂತೆ. ದಿನದ ಪಾಸು ತಗೊಂಡೆ. 2025ರ ಜನವರಿಯಲ್ಲಿ ದರ ಏರಿದಮೇಲೆ ಅದಕ್ಕೆ 80 ರೂಪಾಯಿ. ಪಾಸಿದ್ದರೆ ಎಲ್ಲಿಗೆ ಅನ್ನುವ ಪ್ರಶ್ನೆಯೇ ಇಲ್ಲ. "ಪಾಸ್" ಅಂದರೆ ಮುಗೀತು. ಕೊನೇ ಸ್ಟಾಪು ಆದ್ದರಿಂದ ದಾಟಿ ಹೋಗುವ ಭಯವೂ ಇಲ್ಲ, ಎಲ್ಲರೂ ಇಳಿಯುತ್ತಾರೆ, ನೀವು ಕೂತೇ ಇದ್ದರೆ ಕಂಡಕ್ಟರೇ ಎಬ್ಬಿಸುತ್ತಾರೆ. ಎರಡೂ ಕಡೆ ಶೌಚಾಲಯ ಇದೆ. ಮೆಜೆಸ್ಟಿಕ್‌ನಲ್ಲಿ ಒಂದು ಕಾಫಿ ಕುಡಿದು ವಾಪಸ್ ಬಂದೆ. ಬಾಮೈದ ಬಿದ್ದು ಬಿದ್ದು ನಕ್ಕ: "ಭಾವ, ಕಾಫಿ ಕುಡಿಯೋಕೆ ಮೆಜೆಸ್ಟಿಕ್‌ಗಾ?"

ಹಲವು ಭಾನುವಾರ ಇದೇ ಮಾಡಿದೆ. ಮೆಜೆಸ್ಟಿಕ್‌ನಿಂದ 365 ನಂಬರ್ ಬಸ್ ಹಿಡಿದು ಬನ್ನೇರುಘಟ್ಟ, ಇನ್ನೊಂದು ಸಲ ಕೆಂಗೇರಿ. ಆಮೇಲೆ ಕೊನೆಯಿಂದ ಒಂದು ಸ್ಟಾಪು ಹಿಂದೆ ಇಳಿಯುವುದು, ಆಮೇಲೆ ಎರಡು. ಆ ಹೊತ್ತಿಗೆ ಬಸ್ಸು ಖಾಲಿಯಾಗಿರುತ್ತೆ, ತಳ್ಳಾಟ ಇರಲ್ಲ.

ಇದರ ಮುಂದಿನದ್ದು ನನ್ನದೇ ತಲೆ, ಸ್ವಲ್ಪ ಜಂಬ ಪಡುತ್ತೇನೆ. ಬೇಕು ಬೇಕು ಅಂತಲೇ ತಪ್ಪು ಸ್ಟಾಪಿನಲ್ಲಿ ಇಳಿಯುವುದು. ಬಸವನಗುಡಿಗೆ ಹೊರಟವನು ಚಾಮರಾಜಪೇಟೆಯಲ್ಲಿ ಇಳಿಯೋದು. ಜೇಬಿನಲ್ಲಿ ದಿನದ ಪಾಸಿದೆ, ಮುಂದಿನ ಬಸ್ ಹತ್ತಿದರೆ ಒಂದು ಪೈಸೆ ಕೊಡಬೇಕಾಗಿಲ್ಲ. ಹೀಗೆ ಒಂದೆರಡು ವಾರ ಮಾಡುವಷ್ಟರಲ್ಲಿ ಸ್ಟಾಪ್ ತಪ್ಪುವುದು ಅನ್ನುವುದೇ ಸಪ್ಪೆ ಅನ್ನಿಸತೊಡಗಿತು. ಕೌನ್ಸೆಲರ್‌ಗೆ ಫೋನ್ ಮಾಡಿ ಹೇಳಿದೆ. ಅವರೂ ಬರೆದುಕೊಂಡರು, ಅದಕ್ಕೆ ಫೀಸು ಕೇಳಲಿಲ್ಲ.

ನಡುವೆ ಕೆಲವು ಸೈಡ್ ಪ್ರಯೋಗ. ಪಾಸಿಲ್ಲದ ದಿನ ನೂರರ ನೋಟು ಕೊಟ್ಟರೆ ಚಿಲ್ಲರೆ ಬಾಕಿಯನ್ನು ಟಿಕೆಟ್ ಹಿಂದೆ ಬರೆದುಕೊಡುತ್ತಾರಲ್ಲ, ಅದನ್ನು ಇಳಿಯುವ ಮುಂಚೆ ಕೇಳಿ ಪಡೆಯುವುದು. ಯುಪಿಐ ಇದೆ, ಬೇಕಾಗಿಲ್ಲ. ಆದರೂ ತುಂಬಿದ ಬಸ್ಸಿನಲ್ಲಿ "ಚಿಲ್ಲರೆ ಕೊಡಿ ಸಾರ್" ಅಂತ ದನಿ ಎತ್ತುವ ಅಭ್ಯಾಸ ಆಯಿತು. ಏರ್‌ಪೋರ್ಟಿನ ಎಸಿ ಬಸ್ಸು ವಾಯು ವಜ್ರದಲ್ಲೂ ಪ್ರಾಕ್ಟೀಸ್ ಮಾಡಿದೆ. ಆರಾಮ ಏನೋ ಇದೆ, ಆದರೆ ದುಬಾರಿ. ಅಲ್ಲಿ ಹೋದ ಭಯ ಸಾಮಾನ್ಯ ಬಸ್ಸಿನಲ್ಲಿ ಮತ್ತೆ ಕೂತಿರುತ್ತೆ, ದುಡ್ಡು ದಂಡ.

ಕಂಡಕ್ಟರ್ ತಾವಾಗಿಯೇ "ಸಾರ್, ನಿಮ್ಮ ಸ್ಟಾಪ್ ಬಂತು" ಅನ್ನುವ ಹಾಗೆ ಮಾಡುವ ಒಂದು ಉಪಾಯವಿದೆ. ಅದನ್ನು ಇಲ್ಲಿ ಬರೆಯಲ್ಲ, ಎಲ್ಲರೂ ಮಾಡಿದರೆ ಅವರೇ ಬೇಜಾರಾಗುತ್ತಾರೆ.

ಮೆಟ್ರೋ ಇದರ ಮುಂದೆ ಏನೂ ಅಲ್ಲ. ನಿಲ್ದಾಣದ ಹೆಸರನ್ನೂ ಬಾಗಿಲು ಯಾವ ಕಡೆ ತೆರೆಯುತ್ತೆ ಅನ್ನುವುದನ್ನೂ ಅದೇ ಹೇಳುತ್ತೆ. ಯಾರೂ ಎಲ್ಲಿಗೆ ಅಂತ ಕೇಳಲ್ಲ. ಅದಕ್ಕೇ ಮೆಟ್ರೋದಿಂದ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪಲ್ಲ. ಮೆಟ್ರೋ ಕಲಿತವನಿಗೆ ಬಸ್ ಭಯ ಹಾಗೇ ಉಳಿದಿರುತ್ತೆ, ನಮ್ಮ ಆಫೀಸಿನಲ್ಲೇ ಅಂಥವರಿದ್ದಾರೆ. ಬಸ್ ಕಲಿತವನಿಗೆ ಮೆಟ್ರೋ ಬಿಟ್ಟಿ.

2025ರ ಆಗಸ್ಟ್‌ನಲ್ಲಿ ಮೆಟ್ರೋದ ಹಳದಿ ಮಾರ್ಗ ಶುರುವಾದದ್ದು ನನಗೆ ಅನುಕೂಲವಾಯಿತು. ಬನಶಂಕರಿಯಿಂದ ಒಂದೇ ಸ್ಟೇಷನ್ ಹೋದರೆ ಆರ್.ವಿ. ರಸ್ತೆ, ಅಲ್ಲಿ ಬದಲಾಯಿಸಿದರೆ ನೇರ ಎಲೆಕ್ಟ್ರಾನಿಕ್ ಸಿಟಿ. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು, ಪ್ಲಾಟ್‌ಫಾರ್ಮ್ ತುಂಬ ಜನ. ಮೊದಲಿನ ನಾನಾಗಿದ್ದರೆ ಮೆಟ್ಟಿಲಿನಿಂದಲೇ ವಾಪಸ್ ಬರುತ್ತಿದ್ದೆ. ಒಂದು ಕಡೆಗೆ 60 ರೂಪಾಯಿ ಆಸುಪಾಸು, ಕಾರ್ಡಿನಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಸ್ಟೇಷನ್‌ನಿಂದ ಆಫೀಸಿಗೆ ಶೇರ್ ಆಟೋ ಸೇರಿಸಿದರೂ ತಿಂಗಳಿಗೆ ಮೂರೂವರೆ ಸಾವಿರ ದಾಟಲ್ಲ. ಭಯ ಬಿಡಿಸಿಕೊಳ್ಳಲು ಆದ ಖರ್ಚು, ಹೆಡ್‌ಫೋನೂ ಸೇರಿ, 15 ಸಾವಿರದ ಒಳಗೆ. ಎರಡೇ ತಿಂಗಳಲ್ಲಿ ವಾಪಸ್ ಬಂತು.

ಸಂಜೆಯ 500ಡಿ ಒಂದು ಬಾಕಿ ಇದೆ. ಅದನ್ನೂ ಇದೇ ಥರ ಮಾಡುವುದು ಅಂತಿದ್ದೇನೆ, ಭಾನುವಾರ ಬೆಳಗ್ಗೆ, ಸಿಲ್ಕ್ ಬೋರ್ಡ್‌ನಿಂದ ಹೆಬ್ಬಾಳದ ತನಕ. ಬಾಮೈದ ಕೂಡ ಬರುತ್ತಾನಂತೆ. ಪಾಸಿನ ದುಡ್ಡು ಅವನದೇ ಅಂತ ಮೊದಲೇ ಹೇಳಿದ್ದೇನೆ.