ಅಕ್ರಿಲಿಕ್‌ನಲ್ಲೇ ಸಂಜೆಯ ಆಕಾಶ ತಂದೆ, ಚಿತ್ರವೂ ಮಾರಾಟವಾಯಿತು

ಸರ್ರಿಯಲಿಸಂ, ಅಂದರೆ ಕನಸಿನಂಥ ವಿಚಿತ್ರ ಚಿತ್ರ, ಮಾಡೋದಾದರೆ ಆಯಿಲ್‌ನಲ್ಲೇ (ಎಣ್ಣೆಬಣ್ಣದಲ್ಲೇ) ಮಾಡು ಅಂತ ಜೊತೆಯ ಕಲಾವಿದರೆಲ್ಲ ಹೇಳುತ್ತಿದ್ದರು. ಮಾತೆತ್ತಿದರೆ ಆಯಿಲ್‌ನಲ್ಲಿ ಇಂಥ ಚಿತ್ರ ಬರೆದ ಡಾಲಿ, ಮ್ಯಾಗ್ರಿಟ್ ಹೆಸರು. 1924ರಲ್ಲಿ ಕವಿ ಆಂದ್ರೆ ಬ್ರೆಟನ್ ಪ್ಯಾರಿಸ್‌ನಲ್ಲಿ ಸರ್ರಿಯಲಿಸಂನ ಪ್ರಣಾಳಿಕೆ ಹೊರಡಿಸಿದಾಗ ಅಂಗಡಿಯಲ್ಲಿ ಅಕ್ರಿಲಿಕ್ ಇರಲೇ ಇಲ್ಲವಲ್ಲ! ನೀರಲ್ಲಿ ಬೆರೆಯುವ ಅಕ್ರಿಲಿಕ್ ಮಾರುಕಟ್ಟೆಗೆ ಬಂದದ್ದು 1950ರ ದಶಕದಲ್ಲಿ. ಈ ಸಲ ಬೆಂಗಳೂರಿನ ಕುಮಾರಕೃಪಾ ರಸ್ತೆಯ ಚಿತ್ರಸಂತೆಯಲ್ಲಿ ನನ್ನ ಮೂರಡಿ-ನಾಲ್ಕಡಿ ಅಕ್ರಿಲಿಕ್ ಮಾರಾಟವಾಯಿತು.

ಚಿತ್ರದಲ್ಲಿರುವುದು ಮಲೆನಾಡಿನ ಒಂದು ಮನೆ. ಮಾಡಿನ ಮಂಗಳೂರು ಹೆಂಚುಗಳು ಎದ್ದು ಬೆಳ್ಳಕ್ಕಿಗಳಾಗಿ ಹಾರುತ್ತಿವೆ. ಕೆಳಗಿನ ಸಾಲು ಪಕ್ಕಾ ಹೆಂಚು. ಅದರ ಮೇಲಿನದಕ್ಕೆ ಅಂಚಲ್ಲಿ ನಾಲ್ಕು ಗರಿ. ಇಂಥದ್ದನ್ನು ನೋಡುವವರು ನಂಬಬೇಕಾದರೆ ಹಿಂದಿನ ಆಕಾಶ ನಿಜ ಅನ್ನಿಸಬೇಕು. ಕೇಸರಿ ಎಲ್ಲಿ ಮುಗಿದು ನೀಲಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು.

ಕಷ್ಟ ಇದ್ದದ್ದೇ ಅಲ್ಲಿ. ಹಸಿ ಇದ್ದಾಗಲೇ ಬೆರೆಸೋಣ ಅಂದರೆ ಹತ್ತು ನಿಮಿಷಕ್ಕೆ ಒಣಗಿ ಪಟ್ಟೆ ಪಟ್ಟೆ. ನೀರು ಜಾಸ್ತಿ ಮಾಡಿದರೆ ಬಣ್ಣಕ್ಕೆ ಹಿಡಿತವೇ ಇಲ್ಲ, ಮುಂದಿನ ಕೋಟ್ ಹಾಕುವಾಗ ಕೆಳಗಿನದು ಎದ್ದು ಬಂತು. ಗ್ಲಿಸರಿನ್ ಹಾಕಿದ ಕ್ಯಾನ್ವಾಸ್ ವಾರಗಟ್ಟಲೆ ಅಂಟಂಟು, ಮನೆಯ ಧೂಳೆಲ್ಲ ಅದರ ಮೇಲೆ.

ಕೊನೆಗೆ ಕೈಹಿಡಿದದ್ದು ತೆಳು ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ಲೇಪ. ಎರಡು ಚಮಚ ಮೀಡಿಯಂಗೆ (ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ಕಡಲೆಕಾಳಿನಷ್ಟು ಬಣ್ಣ, ಅಷ್ಟೇ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೋಟ್. ಹೀಗೆ ಇಪ್ಪತ್ತೋ ಇಪ್ಪತ್ತೈದೋ ಆಗಿರಬೇಕು. ಒಣಗಿದಾಗ ಬಣ್ಣ ಗಾಢವಾಗುತ್ತೆ ಅಂತ ಮೊದಲೇ ಒಂದು ಪಾಲು ತಿಳಿ ಹಿಡಿದೆ. ಕೇಸರಿಯೂ ನೀಲಿಯೂ ನೇರ ಸೇರಿದರೆ ಬೂದಿ ಬಣ್ಣ ಬರುತ್ತದೆ. ನಡುವೆ ಬೇರೊಂದು ಬಣ್ಣ ಬೇಕು. ಯಾವುದು ಅಂತ ಮಾತ್ರ ಹೇಳಲ್ಲ.

ಒಡೆದ ಹೆಂಚನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಹೊಳಪಿಲ್ಲದ ಮ್ಯಾಟ್ ಮೀಡಿಯಂನಲ್ಲಿ ಕಲಸಿಯೂ ನೋಡಿದೆ. ಕೆಳಗಿನ ಸಾಲಿಗೆ ಅದನ್ನೇ ಬಳಿದಿದ್ದೇನೆ. ಸಂತೆಯಲ್ಲಿ ಎಲ್ಲರ ಕೈ ಮೊದಲು ಅಲ್ಲಿಗೇ ಹೋಗುತ್ತಿತ್ತು.

ಹಿಂದೊಮ್ಮೆ ಏಪ್ರಿಲ್ ಬಿಸಿಲಲ್ಲಿ ಬಬಲ್‌ರ‍್ಯಾಪ್ ಸುತ್ತಿ ಬಸ್ಸಿಗೆ ಹಾಕಿದ್ದ ಚಿತ್ರ ವಾಪಸ್ ಬಂದಿತ್ತು. ಸೆಕೆಗೆ ಅಕ್ರಿಲಿಕ್ ಮೆತ್ತಗಾಗಿ ಗುಳ್ಳೆಗಳ ಅಚ್ಚು ಸಾಲಾಗಿ ಆಕಾಶದ ತುಂಬ. ಹದಿನೈದು ಸಾವಿರ ಮುಂಗಡ ಹಿಂದಿರುಗಿಸಿದೆ. ಈಗ ನಾಲ್ಕು ಮೂಲೆಗೂ ದಪ್ಪ ರಟ್ಟು ಕೊಟ್ಟು, ಮುಖಕ್ಕೆ ಏನೂ ತಾಗದ ಹಾಗೆ ಕಟ್ಟುತ್ತೇನೆ.

ಕ್ಯಾನ್ವಾಸ್, ಬಣ್ಣ, ಮೀಡಿಯಂ, ಫ್ರೇಮ್ ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಖರ್ಚು. ಒಂದು ಗ್ಯಾಲರಿಯವರು ಶೇ. 40 ಕಮಿಷನ್ ಕೇಳಿದ್ದರು, ಕೊಡಲಿಲ್ಲ. ಸಂತೆಯಲ್ಲಿ 48 ಸಾವಿರ ಹೇಳಿದೆ. ‘ಅಕ್ರಿಲಿಕ್ ಅಲ್ವಾ’ ಅಂತ ಅರ್ಧಕ್ಕೆ ಕೇಳಿದವರೂ ಇದ್ದರು. ಆಯಿಲ್ ಬಣ್ಣದಲ್ಲಿರುವ ಲಿನ್ಸೀಡ್ (ಅಗಸೆ) ಎಣ್ಣೆ ವರ್ಷ ಕಳೆದಂತೆ ಹಳದಿಯಾಗುತ್ತೆ ಸರ್, ಇದಕ್ಕೆ ಆ ಚಿಂತೆ ಇಲ್ಲ ಅಂದೆ. ಮಧ್ಯಾಹ್ನ ಬಂದ ದಂಪತಿ ಆಕಾಶದ ಹತ್ತಿರ ಮುಖ ತಂದು ಗೆರೆ ಹುಡುಕಿದರು. ಸಿಗಲಿಲ್ಲ. 42 ಸಾವಿರಕ್ಕೆ ಒಪ್ಪಿಕೊಂಡರು. ಎರಡಡಿಯ ಇನ್ನೊಂದಕ್ಕೆ ಬೇರೊಬ್ಬರು ಅಲ್ಲೇ ಆರ್ಡರ್ ಕೊಟ್ಟರು, ಅರ್ಧ ಮುಂಗಡ ಖಾತೆಗೆ ಬಂದಿದೆ.