ಸ್ನ್ಯಾಪಿಂಗ್ ಆಮೆ ನೋಡಬೇಕಾ? ಜೂನ್‌ನಲ್ಲಿ ಬೇಗ ಏಳಿ

ನಾನಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಮನೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಗ್ರೇಟ್ ಸ್ವಾಂಪ್ ಸಿಗುತ್ತದೆ, ದೊಡ್ಡ ಜೌಗು ಪ್ರದೇಶ. 1959ರಲ್ಲಿ ಅಲ್ಲಿ ವಿಮಾನ ನಿಲ್ದಾಣ ಕಟ್ಟುವ ಯೋಜನೆ ಬಂದಿತ್ತು. ಸುತ್ತಲಿನ ಜನ ದುಡ್ಡು ಕೂಡಿಸಿ ಜಾಗ ಕೊಂಡು ಸರ್ಕಾರಕ್ಕೇ ಕೊಟ್ಟುಬಿಟ್ಟರು. ಮರುವರ್ಷ ಅದು ವನ್ಯಜೀವಿ ಧಾಮವಾಯಿತು. ಆ ಜನರನ್ನು ನೆನೆಯದೆ ನಾನು ಅಲ್ಲಿ ಕಾರು ನಿಲ್ಲಿಸುವುದಿಲ್ಲ.

ಮರದ ದಿಮ್ಮಿ ಮೇಲೆ ಸಾಲಾಗಿ ಬಿಸಿಲು ಕಾಯುತ್ತಾ ಕೂತಿರುತ್ತವಲ್ಲ, ಅವು ಹೆಚ್ಚಾಗಿ ಪೇಂಟೆಡ್ ಆಮೆಗಳು. ಕಚ್ಚುವುದಕ್ಕೇ ಹೆಸರಾದ ಸ್ನ್ಯಾಪಿಂಗ್ ಆಮೆ ಹಾಗೆ ಹೊರಗೆ ಬಂದು ಕೂರುವುದು ಕಡಿಮೆ. ಮರದ ಕಾಲುದಾರಿ ಮೇಲೆ ನಿಂತು ಬೈನಾಕ್ಯುಲರ್‌ನಲ್ಲಿ ನೀರಿನ ಮೇಲ್ಮೈ ನೋಡಿ. ಮೂಗಿನ ತುದಿ, ಎರಡು ಕಣ್ಣು, ಅಷ್ಟೇ ಕಾಣುತ್ತದೆ. ಪಾಚಿ ಹಿಡಿದ ಕಲ್ಲೊಂದು ತೇಲಿದರೆ ಅದೇ.

ಚೆನ್ನಾಗಿ ನೋಡಬೇಕಂದ್ರೆ ಮೇ ಕೊನೆಯಿಂದ ಜೂನ್‌ವರೆಗೆ, ಬೆಳಗ್ಗೆ ಬೇಗ ಹೋಗಿ. ರಾತ್ರಿ ಮಳೆ ಬಂದಿದ್ದರೆ ಇನ್ನೂ ಒಳ್ಳೆಯದು. ಹೆಣ್ಣು ಆಮೆ ಮೊಟ್ಟೆಯಿಡಲು ದಂಡೆ ಹತ್ತಿ ಬರುತ್ತದೆ. ಮರಳು, ಜಲ್ಲಿ ಇರುವ ರಸ್ತೆ ಬದಿ ಅದಕ್ಕೆ ಇಷ್ಟ. ಗರಗಸದಂತಹ ಉದ್ದ ಬಾಲ ಕಂಡರೆ ಬೇರೆ ಗುರುತು ಬೇಡ.

ಮೊದಲ ವರ್ಷ ಫೋಟೋ ಆಸೆಗೆ ಹತ್ತಿರ ಹೋದೆ. ಅರ್ಧ ತೋಡಿದ ಗುಂಡಿ ಬಿಟ್ಟು ಅದು ವಾಪಸ್ ನೀರಿಗೆ ನಡೆದುಬಿಟ್ಟಿತು. ಆ ಗುಂಡಿ ನೋಡಿ ಹೊಟ್ಟೆ ಉರಿಯಿತು. ಈಗ 20 ಅಡಿ ದೂರದಲ್ಲಿ, ಅದರ ಹಿಂಬದಿಯಲ್ಲಿ, ನೆಲದ ಮೇಲೆ ಸುಮ್ನೆ ಕೂರುತ್ತೇನೆ. ಹಿಂಗಾಲು ಒಂದಾದ ಮೇಲೊಂದು ಮಣ್ಣು ಬಗೆಯುತ್ತವೆ. ಆಮೇಲೆ ಪಿಂಗ್‌ಪಾಂಗ್ ಚೆಂಡಿನಂಥ ಬಿಳಿ ಮೊಟ್ಟೆ ಬೀಳುತ್ತದೆ. ಹಿಂಗಾಲಿನಿಂದ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತದೆ, ಮುಂದಿನದಕ್ಕೆ ಜಾಗ ಮಾಡುತ್ತದೆ. ಹೀಗೆ 20ರಿಂದ 40 ಮೊಟ್ಟೆ. ಒಮ್ಮೆಯೂ ತಿರುಗಿ ನೋಡುವುದಿಲ್ಲ. ಮಣ್ಣು ಮುಚ್ಚಿ ಹೊರಟರೆ ಮುಗಿಯಿತು. ಎಷ್ಟೋ ಗೂಡುಗಳನ್ನು ರಕೂನ್‌ಗಳು ರಾತ್ರಿಯೇ ಅಗೆದು ತಿನ್ನುತ್ತವೆ. ಮರುದಿನ ಸುರುಟಿದ ಸಿಪ್ಪೆ ಕಂಡರೆ ಮನಸ್ಸು ಭಾರವಾಗುತ್ತದೆ. ಉಳಿದ ಗೂಡಿನಿಂದ ಆಗಸ್ಟ್ ಕೊನೆಯ ಹೊತ್ತಿಗೆ ಮರಿಗಳು ಬರತೊಡಗುತ್ತವೆ, ಒಂದಂಗುಲಕ್ಕಿಂತ ಸ್ವಲ್ಪ ದೊಡ್ಡವು.

ಕಚ್ಚುತ್ತದೆ ಅಂತ ಎಲ್ಲರೂ ಹೆದರುತ್ತಾರೆ. ಯಾಕೆ ಕಚ್ಚುತ್ತದೆ ಗೊತ್ತಾ? ನಮ್ಮೂರ ಕೆರೆ ಆಮೆಯನ್ನು ಮುಟ್ಟಿದರೆ ತಲೆ, ಕಾಲು ಎಲ್ಲ ಚಿಪ್ಪಿನೊಳಗೆ. ಇದರ ಹೊಟ್ಟೆ ಕಡೆಯ ಚಿಪ್ಪು ತೀರಾ ಚಿಕ್ಕದು, ಪೂರ್ತಿ ಒಳಗೆ ಸೇರಿಕೊಳ್ಳಲು ಆಗುವುದಿಲ್ಲ. ನೆಲದ ಮೇಲೆ ಇದಕ್ಕಿರುವ ಕಾವಲು ಬಾಯಿ ಒಂದೇ. ನೀರಿನಲ್ಲಾದರೆ ಮನುಷ್ಯರನ್ನು ಕಂಡು ತಾನೇ ದೂರ ಹೋಗುತ್ತದೆ.

ರಸ್ತೆ ಮಧ್ಯೆ ಸಿಕ್ಕರೆ, ಮೊದಲು ಹಿಂದೆ ಮುಂದೆ ಗಾಡಿ ನೋಡಿಕೊಳ್ಳಿ. ಬಾಲ ಹಿಡಿದು ಎತ್ತಲೇಬೇಡಿ, ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಚಿಪ್ಪಿನ ಪಕ್ಕ ಹಿಡಿಯುವುದೂ ಬೇಡ, ಉದ್ದ ಕತ್ತು ಅಲ್ಲಿಯವರೆಗೂ ಬರುತ್ತದೆ. ಕಾರಿನ ಕಾಲುಮ್ಯಾಟ್ ತೆಗೆದು ಹಿಂದಿನಿಂದ ಅದರ ಮೇಲೆ ಹತ್ತಿಸಿ ಎಳೆದುಕೊಂಡು ಹೋಗಿ. ಅದು ಯಾವ ಕಡೆ ಮುಖ ಮಾಡಿತ್ತೋ ಆ ಕಡೆಗೇ ಬಿಡಿ. ಹತ್ತಿರದಲ್ಲೇ ಕೆರೆ ಕಾಣುತ್ತಿದೆ ಅಂತ ಅಲ್ಲಿಗೆ ಬಿಟ್ಟರೆ, ನೀವು ಹೋದ ಮೇಲೆ ಮತ್ತೆ ಅದೇ ರಸ್ತೆಗೆ ಇಳಿಯುತ್ತದೆ.